ಕೀಲುವಾತ ಇರುವ ಅಮ್ಮನಿಗೆ ಮೇಲಿನ ಬಿಪಿ ಮಾತ್ರ ಯಾಕೆ ಜಾಸ್ತಿ?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 64 ವರ್ಷ. ತುಂಬಾ ವರ್ಷದಿಂದ ರುಮಟಾಯ್ಡ್ ಕೀಲುವಾತ ಇದೆ. ಬೆಳಗ್ಗೆ ಎದ್ದಾಗ ಬೆರಳು ಮಡಚೋಕೇ ಆಗಲ್ಲ. ಈಚೆಗೆ ಬಿಪಿ 168/66 ಬರುತ್ತಿದೆ. ಸಕ್ಕರೆ, ಕೊಲೆಸ್ಟ್ರಾಲ್ ಎರಡೂ ಸರಿಯಿವೆ. ನಮ್ಮೂರಿನ ಡಾಕ್ಟರ್ "ರಕ್ತನಾಳ ಗಡುಸಾಗಿದೆ, ಕೀಲುವಾತವೂ ಒಂದು ಕಾರಣ" ಅಂದರು. ಬೆರಳಿನ ಕಾಯಿಲೆಗೂ ರಕ್ತನಾಳಕ್ಕೂ ಏನು ಸಂಬಂಧ? ಅಮ್ಮ ಕೀಲುವಾತದ ಮಾತ್ರೆ ನಿಲ್ಲಿಸಿದ್ದಾರೆ. ನೋವು ಬಂದಾಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಾರೆ.

ಉತ್ತರ: ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ರುಮಟಾಯ್ಡ್ ಬರೀ ಬೆರಳಿನ ಕಾಯಿಲೆಯಲ್ಲ. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಆಗ ಉರಿಯೂತ (ಊತ, ನೋವು, ಬಿಸಿ) ಹುಟ್ಟಿಸುವ ರಾಸಾಯನಿಕಗಳು ರಕ್ತದಲ್ಲಿ ಸೇರಿ ಮೈಯೆಲ್ಲಾ ಸುತ್ತುತ್ತವೆ. ಈ ಕಾಯಿಲೆ ಇರುವವರಿಗೆ ಹೃದಯದ ತೊಂದರೆ ಬೇರೆಯವರಿಗಿಂತ ಸುಮಾರು ಒಂದೂವರೆ ಪಟ್ಟು ಜಾಸ್ತಿ.

168/66ರಲ್ಲಿ ಎರಡು ಅಂಕಿಗಳ ನಡುವಿನ ಅಂತರ ನೋಡಿ, 102. ಹೃದಯ ಒಂದು ಸಲ ಬಡಿದರೆ ಸುಮಾರು 70 ಮಿಲಿ ರಕ್ತ ಮಹಾಪಧಮನಿಗೆ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ, ನುಗ್ಗುತ್ತದೆ. ಆರೋಗ್ಯವಾಗಿರುವ ಪಧಮನಿ ಆಗ ಹಿಗ್ಗುತ್ತದೆ, ಒಂದಷ್ಟು ರಕ್ತವನ್ನು ಹಿಡಿದಿಟ್ಟುಕೊಂಡು ಹೃದಯ ಸಡಿಲಾದಾಗ ಮುಂದಕ್ಕೆ ತಳ್ಳುತ್ತದೆ. ಬಿಸಿಲಲ್ಲಿ ಬಿದ್ದ ತೋಟದ ಪೈಪಿನ ಹಾಗೆ ಅದು ಗಡುಸಾದರೆ ಹಿಗ್ಗುವುದೇ ಇಲ್ಲ. ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ.

ಹಿಗ್ಗುವ ಗುಣ ಕೊಡುವುದು ಎಲಾಸ್ಟಿನ್ ಎಂಬ ನಾರು. ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಬಾಲ್ಯದಲ್ಲಿ ತಯಾರಾದ ದಾಸ್ತಾನೇ ಜೀವನಪೂರ್ತಿ. ಆಮೇಲೆ ದೇಹ ಅದನ್ನು ಹೊಸದಾಗಿ ಮಾಡುವುದು ಬಹಳ ಕಡಿಮೆ. ವಯಸ್ಸಾದಂತೆ ಅದು ಎಲ್ಲರಿಗೂ ಸವೆಯುತ್ತದೆ. ಉರಿಯೂತ ಇದ್ದರೆ ಬೇಗ ಸವೆಯುತ್ತದೆ. ನಾಳದ ಗೋಡೆಗೆ ನುಗ್ಗಿದ ಬಿಳಿ ರಕ್ತಕಣಗಳು ಬಿಡುವ ಕಿಣ್ವಗಳು ಈ ನಾರನ್ನು ಕತ್ತರಿಸುತ್ತವೆ. ಆ ಜಾಗಕ್ಕೆ ಕೊಲಾಜೆನ್ ಎಂಬ ಗಡುಸು ನಾರು ಬಂದು ಕೂರುತ್ತದೆ. ಗೋಡೆಯ ಸ್ನಾಯುಕಣಗಳು ಮೂಳೆಕಣಗಳ ಗುಣ ಪಡೆದು ಸುಣ್ಣ ಕಟ್ಟಲು ಶುರುವಾಗುತ್ತದೆ. ನಾಳವನ್ನು ಸಡಿಲ ಮಾಡುವ ನೈಟ್ರಿಕ್ ಆಕ್ಸೈಡ್ ಕೂಡ ಕಡಿಮೆಯಾಗುತ್ತದೆ. ಇದಕ್ಕೆಲ್ಲ ಕೊಲೆಸ್ಟ್ರಾಲ್ ಜಾಸ್ತಿ ಇರಲೇಬೇಕು ಅಂತಿಲ್ಲ.

ನನಗೆ ನಿಜಕ್ಕೂ ಚಿಂತೆಯಾಗಿದ್ದು ನಿಮ್ಮ ಕೊನೆಯ ಮಾತು ಓದಿ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನೋವು ಇಳಿಸುತ್ತದೆ, ರುಮಟಾಯ್ಡ್ ಕಾಯಿಲೆಯನ್ನು ತಡೆಯುವುದಿಲ್ಲ. ಮೇಲಾಗಿ ಬಿಪಿ ಏರಿಸುತ್ತದೆ, ಕಿಡ್ನಿಗೂ ಹೃದಯಕ್ಕೂ ಹೊರೆ. ದಯವಿಟ್ಟು ಅಮ್ಮನನ್ನು ಕೀಲುವಾತದ ಡಾಕ್ಟರ್ ಹತ್ತಿರ ಮತ್ತೆ ಕರೆದುಕೊಂಡು ಹೋಗಿ. ನಿಲ್ಲಿಸಿದ್ದು ಮೆಥೊಟ್ರೆಕ್ಸೇಟ್ ಎಂಬ ಕೀಲುವಾತದ ಮಾತ್ರೆ ಆಗಿದ್ದರೆ ನೀವೇ ಮತ್ತೆ ಶುರು ಮಾಡಬೇಡಿ. ಮೊದಲು ರಕ್ತ ಪರೀಕ್ಷೆ ಆಗಬೇಕು. ಅದನ್ನು ವಾರಕ್ಕೊಂದೇ ದಿನ ತೆಗೆದುಕೊಳ್ಳುವುದು. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಿಪಿ ಮಾತ್ರೆ ಬೇಕೇಬೇಕು. ಆದರೆ ಕೆಳಗಿನ ಅಂಕಿ ಈಗಲೇ 66 ಇರುವುದರಿಂದ ನಿಧಾನವಾಗಿ ಇಳಿಸುತ್ತಾರೆ. ಎದ್ದು ನಿಂತಾಗ ತಲೆ ಸುತ್ತುತ್ತಾ ಅಂತ ನೋಡಿಕೊಂಡಿರಿ.

ಇನ್ನೊಬ್ಬರು: ಸರ್, ನನಗೆ 46. ಕೀಲುವಾತ ಇಲ್ಲ, ಹೊಟ್ಟೆ ಬಂದಿದೆ, ವಸಡಲ್ಲಿ ರಕ್ತ ಬರುತ್ತದೆ. ನನಗೂ ಉರಿಯೂತ ಇರಬಹುದಾ? ಅರಿಶಿನದ ಮಾತ್ರೆ ತಗೊಳ್ಳಲಾ?

ಉತ್ತರ: ಇರಬಹುದು. ಹೊಟ್ಟೆಯ ಕೊಬ್ಬು ಸುಮ್ನೆ ಕೂತಿರುವುದಿಲ್ಲ, ಅದೂ ಉರಿಯೂತದ ರಾಸಾಯನಿಕ ಬಿಡುತ್ತದೆ. ವಸಡಿನ ಸೋಂಕೂ ಹಾಗೇ. ಬೇಕಿದ್ದರೆ ಉರಿಯೂತ ಎಷ್ಟಿದೆ ಅಂತ ತೋರಿಸುವ ಹೈ ಸೆನ್ಸಿಟಿವಿಟಿ ಸಿಆರ್‌ಪಿ ರಕ್ತ ಪರೀಕ್ಷೆ ಮಾಡಿಸಿ. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, 3 ದಾಟಿದರೆ ಗಮನ ಕೊಡಬೇಕು. ನೆಗಡಿ ಜ್ವರ ಇದ್ದಾಗ ಮಾತ್ರ ಮಾಡಿಸಬೇಡಿ, ಸುಳ್ಳು ಗಾಬರಿ ಅಷ್ಟೇ.

ಉರಿಯೂತ ಇಳಿಸಿದರೆ ಹೃದಯಕ್ಕೆ ಲಾಭ ಇದೆಯೆಂದು 2017ರ ಕ್ಯಾಂಟೋಸ್ ಪ್ರಯೋಗ ತೋರಿಸಿತು. ಆಗಲೇ ಹಾರ್ಟ್ ಅಟ್ಯಾಕ್ ಆಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದರು. ಕೊಲೆಸ್ಟ್ರಾಲ್ ಇಳಿಸದೆ ಉರಿಯೂತವನ್ನಷ್ಟೇ ಇಳಿಸುವ ಇಂಜೆಕ್ಷನ್ 150 ಮಿ.ಗ್ರಾಂ ಡೋಸಿನಲ್ಲಿ ಮತ್ತೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಅಥವಾ ಹೃದಯ-ರಕ್ತನಾಳದ ಕಾಯಿಲೆಯಿಂದ ಸಾವು ಆಗುವ ಅಪಾಯವನ್ನು ಶೇ. 15 ತಗ್ಗಿಸಿತು. ಆದರೆ ಸೋಂಕಿನಿಂದ ಸಾವು ಹೆಚ್ಚಾಯಿತು. ಹಾಗಾಗಿ ಅದು ಎಲ್ಲರಿಗೂ ಕೊಡುವ ಔಷಧಿಯಲ್ಲ. ಅರಿಶಿನ ಸಾರಿಗೆ, ಪಲ್ಯಕ್ಕೆ ಹಾಕಿ, ತೊಂದರೆಯಿಲ್ಲ. ಮಾತ್ರೆ ಬೇಡ, ಕೆಲವರಿಗೆ ಅದರಿಂದ ಲಿವರಿಗೆ ಪೆಟ್ಟು ಬಿದ್ದಿದೆ. ಈ ವಾರವೇ ದಂತವೈದ್ಯರ ಹತ್ತಿರ ಹೋಗಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಮತ್ತೆ ಸೊಂಟದ ಅಳತೆ ಬರೆದಿಡಿ.