ಒಣ ಉಪ್ಪು ವಿದ್ಯುತ್ತನ್ನು ಹರಿಸುವುದಿಲ್ಲವಾದರೆ ನಮ್ಮ ಮನೆಯ ಎಲ್‌ಇಡಿ ಮಿಣುಕಿದ್ದು ಹೇಗೆ?

ಪ್ರಶ್ನೆ (ಬಸವನಗುಡಿಯ ಪೋಷಕಿ):
ಹತ್ತನೆಯ ತರಗತಿಯಲ್ಲಿರುವ ನನ್ನ ಮಗಳು ‘ಲೋಹಗಳು ಮತ್ತು ಅಲೋಹಗಳು’ ಪಾಠ ಓದುತ್ತಾ, ಘನಸ್ಥಿತಿಯ ಅಯಾನಿಕ ಸಂಯುಕ್ತಗಳು (ಉಪ್ಪಿನಂತೆ ಅಯಾನುಗಳಿಂದ, ಅಂದರೆ ಧನ ಮತ್ತು ಋಣ ಆವೇಶದ ಕಣಗಳಿಂದ ಆದವು) ವಿದ್ಯುತ್ ವಾಹಕಗಳಲ್ಲ ಎಂಬ ಮಾತನ್ನು ಪರೀಕ್ಷಿಸಲು ಬಟ್ಟಲು ಕಲ್ಲುಪ್ಪಿನಲ್ಲಿ ಎರಡು ತಾಮ್ರದ ತಂತಿಗಳನ್ನು ನೆಟ್ಟು, 9 ವೋಲ್ಟ್ ಬ್ಯಾಟರಿ, ರೋಧಕ ಮತ್ತು ಎಲ್‌ಇಡಿ ಜೋಡಿಸಿದಳು. ದೀಪ ಮಂದವಾಗಿ ಬೆಳಗಿತು! ಪಾಠ ತಪ್ಪೇ? ತಾಮ್ರದಲ್ಲೂ ಉಪ್ಪಿನಲ್ಲೂ ಆವೇಶವಿರುವ ಕಣಗಳಿದ್ದರೂ ತಾಮ್ರ ಮಾತ್ರ ಘನವಾಗಿರುವಾಗಲೇ ವಾಹಕವಾಗುವುದು ಏಕೆ ಎಂಬುದು ಅವಳ ಇನ್ನೊಂದು ಪ್ರಶ್ನೆ.

ಉತ್ತರ 1 (ಪಿಯು ರಸಾಯನಶಾಸ್ತ್ರ ಉಪನ್ಯಾಸಕ, ಮಲ್ಲೇಶ್ವರ):
ಅವಳು ಕಂಡದ್ದೂ ನಿಜ, ಪಾಠವೂ ಸರಿ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಶುದ್ಧ ಸೋಡಿಯಂ ಕ್ಲೋರೈಡ್ ಕೂಡ ತೇವ ಹೀರಿಕೊಂಡು ನೀರೊಡೆಯುತ್ತದೆ. ಕಲ್ಲುಪ್ಪಿನಲ್ಲಿ ಉಳಿದಿರುವ ಮೆಗ್ನೀಸಿಯಂ ಕ್ಲೋರೈಡ್‌ಗೆ ಅಷ್ಟು ತೇವವೂ ಬೇಕಿಲ್ಲ. ಬೆಂಗಳೂರಿನ ಜುಲೈ ಬೆಳಗಿನಲ್ಲಿ ಹರಳುಗಳ ಮೇಲೆ ಉಪ್ಪುನೀರಿನ ತೆಳುಪದರ ಕೂತಿರುವುದು ಸಹಜ, ಮತ್ತು ವಿದ್ಯುತ್ ಹರಿದಿರುವುದು ಆ ಪದರದಲ್ಲೇ ಹೊರತು ಹರಳಿನ ಒಳಗಲ್ಲ. ಉಪ್ಪನ್ನು ಒಣ ಬಾಣಲೆಯಲ್ಲಿ ಹುರಿದು, ಮುಚ್ಚಿದ ಡಬ್ಬಿಯಲ್ಲಿ ಆರಿಸಿ ಮತ್ತೆ ನೋಡಿ.

ಎರಡನೆಯ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು, ಏಕೆಂದರೆ ಅನೇಕ ವಿದ್ಯಾರ್ಥಿಗಳು ಆವೇಶ ಇದ್ದರೆ ಸಾಕೆಂದುಕೊಳ್ಳುತ್ತಾರೆ. ಅದು ಚಲಿಸಲೂ ಬೇಕು. ಉಪ್ಪಿನ ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನನ್ನು ಆರು ಕ್ಲೋರೈಡ್ ಅಯಾನುಗಳೂ ಪ್ರತಿ ಕ್ಲೋರೈಡನ್ನು ಆರು ಸೋಡಿಯಂ ಅಯಾನುಗಳೂ ಸುತ್ತುವರಿದು ಬಿಗಿಯಾಗಿ ಹಿಡಿದಿರುವುದರಿಂದ ಅವು ಇದ್ದಲ್ಲೇ ಕಂಪಿಸಬಲ್ಲವೇ ವಿನಾ ಸ್ಥಳ ಬಿಡಲಾರವು. ಈ ಹಿಡಿತ ಸಡಿಲಲು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಬೇಕು, ಇಲ್ಲವೇ ನೀರಿನಲ್ಲಿ ವಿಲೀನವಾಗಬೇಕು. ತಾಮ್ರದಲ್ಲಿಯೂ ಧನ ಅಯಾನುಗಳು ಸ್ಥಿರವೇ. ಆದರೆ ಹೊರಕವಚದ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿಗೂ ಸೇರದೆ ಇಡೀ ತುಂಡಿನಲ್ಲಿ ಸಂಚರಿಸುತ್ತವೆ.

ಉತ್ತರ 2 (ಪೀಣ್ಯದಲ್ಲಿ ಲೋಹದ ಕೆಲಸ ಮಾಡುವವರು):
ಸುತ್ತಿಗೆಯೂ ಇದನ್ನೇ ತೋರಿಸುತ್ತದೆ. ತಾಮ್ರಕ್ಕೆ ಹೊಡೆದಾಗ ಪದರಗಳು ಜಾರಿದರೂ ಎಲೆಕ್ಟ್ರಾನುಗಳು ಅವನ್ನು ಬೆಸೆದೇ ಇರುವುದರಿಂದ ಅದು ಹಾಳೆಯಾಗುತ್ತದೆ. ಉಪ್ಪಿನ ಪದರ ಸ್ವಲ್ಪ ಜಾರಿದೊಡನೆ ಸಮಾನ ಆವೇಶಗಳು ಎದುರುಬದುರಾಗಿ ವಿಕರ್ಷಿಸುವುದರಿಂದ ಹರಳು ಒಡೆಯುತ್ತದೆ. ಒಂದು ಮಾತು ಸೇರಿಸುತ್ತೇನೆ: ತಾಮ್ರ ಕಾದಷ್ಟೂ ಅಯಾನುಗಳ ಕಂಪನ ಹೆಚ್ಚಿ ಎಲೆಕ್ಟ್ರಾನುಗಳ ದಾರಿಗೆ ಅಡ್ಡಿಯಾಗುವುದರಿಂದ ಅದರ ವಾಹಕತೆ ಕುಗ್ಗುತ್ತದೆ.

ಪ್ರಶ್ನೆ ಕೇಳಿದವರು:
ಹುರಿದ ಉಪ್ಪಿನಲ್ಲಿ ದೀಪ ಹತ್ತಲೇ ಇಲ್ಲ. ಅದೇ ಬಟ್ಟಲನ್ನು ರಾತ್ರಿಯಿಡೀ ಕಿಟಕಿಯ ಬಳಿ ತೆರೆದಿಟ್ಟಾಗ ಬೆಳಿಗ್ಗೆ ಮತ್ತೆ ಮಿಣುಕಿತು. ಆದರೆ ಬ್ಯಾಟರಿಯ ಧನ ತುದಿಗೆ ಜೋಡಿಸಿದ ತಂತಿಯ ಸುತ್ತ ಮಾತ್ರ ಉಪ್ಪು ಹಸಿರಾಗಿದೆ.

ಉತ್ತರ 1:
ಆ ಉಪ್ಪನ್ನು ಅಡುಗೆಗೆ ಬಳಸಬೇಡಿ. ಧನ ತುದಿಯ ತಂತಿಯಲ್ಲಿ ತಾಮ್ರದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನುಗಳಾಗಿ ಉಪ್ಪುನೀರಿಗೆ ಇಳಿದಿವೆ. ಹಸಿರು ಬಣ್ಣ ಅಲ್ಲಿ ಉಂಟಾದ ತಾಮ್ರದ ಅಯಾನಿಕ ಸಂಯುಕ್ತಗಳದ್ದು. ಲೋಹವೊಂದು ಅಯಾನಿಕ ಸಂಯುಕ್ತವಾಗುವುದನ್ನು ನಿಮ್ಮ ಮಗಳು ಅಡುಗೆಮನೆಯ ಬಟ್ಟಲಿನಲ್ಲೇ ಕಂಡಿದ್ದಾಳೆ.