ಮಗನಿಗೆ ಕೀಬೋರ್ಡ್ ಕೊಡಿಸಲಾ, ಗಾಯನದಲ್ಲೇ ಇರಿಸಲಾ? ಅನುಭವ ಇರುವವರು ಹೇಳಿ

ಹಾಸನದ ಅಮ್ಮ:
ಮಗನಿಗೆ ಹನ್ನೊಂದು ವರ್ಷ. ಕರ್ನಾಟಕ ಗಾಯನ ಕಲಿಯುತ್ತಿದ್ದಾನೆ, ಮೊದಲ ಪಾಠಗಳಾದ ಅಲಂಕಾರ ಮುಗಿದು ಗೀತೆಗೆ ಬಂದಿದ್ದಾನೆ. ಈಗ ಕೀಬೋರ್ಡ್ ಬೇಕು ಅಂತ ಹಠ. ಮೇಷ್ಟ್ರು ‘ಅದನ್ನು ಮುಟ್ಟಿದರೆ ಗಮಕ, ಅಂದರೆ ಸ್ವರದ ಓಲಾಟ, ಕೆಡುತ್ತೆ, ಎರಡರಲ್ಲಿ ಒಂದು ಆರಿಸಿಕೊಳ್ಳಿ’ ಅಂದರು. ಇದರ ನಡುವೆ ರಾಮನವಮಿ ಸಂಗೀತ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಆಲಾಪನೆ ನಡೆಯುತ್ತಿರುವಾಗಲೇ ಖುಷಿಯಾಗಿ ಚಪ್ಪಾಳೆ ತಟ್ಟಿಬಿಟ್ಟ. ಮುಂದಿನ ಸಾಲಿನವರೊಬ್ಬರು ತಿರುಗಿ ‘ಇದು ಆರ್ಕೆಸ್ಟ್ರಾ ಅಲ್ಲಮ್ಮ’ ಅಂದರು. ಇನ್ಮೇಲೆ ಕಚೇರಿಗೆ ಬರಲ್ಲ ಅಂತಾನೆ. ನಮ್ಮ ಮನೆಯಲ್ಲಿ ಯಾರಿಗೂ ಸಂಗೀತ ಗೊತ್ತಿಲ್ಲ. ಏನು ಮಾಡಲಿ?

ಮೂಡಿಗೆರೆ ತೋಟ:
ನಮ್ಮ ಮಗಳೂ ಕೀಬೋರ್ಡ್ ಕೇಳಿದ್ದಳು. ನಾವು ಕೊಡಿಸಿದ್ದು ವೀಣೆ. ದೊರೆಸ್ವಾಮಿ ಅಯ್ಯಂಗಾರ್ ಹುಟ್ಟಿದ್ದು ಹಾಸನದ ಪಕ್ಕದ ಗಡ್ಡವಳ್ಳಿಯಲ್ಲಿ, 1920ರಲ್ಲಿ. ಮೈಸೂರು ವೀಣೆ ಅಂದರೆ ಅವರೇ ಅಂತ ನಮ್ಮ ಮಾವನವರಿಗೆ ಭಾರೀ ಅಭಿಮಾನ. ಸರಿ ಅಂತ ತಂದೆವು. ಹಲಸಿನ ಮರದ್ದು, 38,000. ಪೆಟ್ಟಿಗೆ ಬೇರೆ, 6,500. ಮೈಸೂರಿಂದ ತರೋಕೆ ಕಾರಿನ ಹಿಂದಿನ ಸೀಟು ಮಲಗಿಸಿ, ಹೆಂಡತಿ ಮಗಳನ್ನು ಬಸ್ಸಿಗೆ ಹತ್ತಿಸಿದೆ.

ಆಮೇಲೆ ಶುರು ನೋಡಿ. ವೀಣೆಯ 24 ಮೆಟ್ಟಿಲು, ಅಂದರೆ ತಂತಿಯ ಕೆಳಗಿನ ಲೋಹದ ಪಟ್ಟಿಗಳು, ಕೂತಿರೋದು ಮೇಣದ ಮೇಲೆ. ಒಂದು ಏಪ್ರಿಲ್‌ನಲ್ಲಿ ಮದುವೆ ಮನೆ ಮುಂದೆ ಕಾರು ಬಿಸಿಲಲ್ಲಿ ನಿಂತಿತ್ತು, ವೀಣೆ ಒಳಗೇ ಇತ್ತು. ಮೇಣ ಮೆತ್ತಗಾಗಿ ಮೆಟ್ಟಿಲು ಅಲುಗಾಡಿಬಿಟ್ಟವು. ಮೇಳ ಕಟ್ಟೋರು, ಅಂದರೆ ಮೆಟ್ಟಿಲನ್ನು ಮತ್ತೆ ಮೇಣದಲ್ಲಿ ಕೂರಿಸೋರು, ನಮ್ಮ ಕಡೆ ಯಾರೂ ಇಲ್ಲ. ಒಬ್ಬರು ಸಿಕ್ಕಿದರು, ‘ಮೂರು ನಾಲ್ಕು ವೀಣೆ ಒಟ್ಟಿಗೆ ಇದ್ದರೆ ಬರ್ತೀನಿ’ ಅಂದರು. ಮೂಡಿಗೆರೆಯಲ್ಲಿ ಮೂರು ನಾಲ್ಕು ವೀಣೆ ಎಲ್ಲಿಂದ ತರೋದು? ಮತ್ತೆ ಮೈಸೂರು. 7,000, ಡೀಸೆಲ್ ಬಿಟ್ಟು. ಮಳೆಗಾಲದಲ್ಲಿ ತಂತಿಗೆ ತುಕ್ಕು. ಕಲಿಸುತ್ತಿದ್ದ ಮೇಡಂ ಬೆಂಗಳೂರಿಗೆ ಹೋದರು. ಆನ್‌ಲೈನ್ ಪಾಠ ಅಂದರೆ ಜುಲೈನಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮಗಳು ಪಿಯುಸಿಗೆ ಹಾಸ್ಟೆಲ್ ಸೇರಿದಳು. ವೀಣೆ ಅಟ್ಟ ಸೇರಿತು.

ಆದರೂ ಹೇಳ್ತೀನಿ, ವೀಣೆನೇ ಕೊಡಿಸಿ. ಕೀಬೋರ್ಡ್ ಯಾರು ಒತ್ತಿದರೂ ಕೂಗುತ್ತೆ.

ಶ್ರುತಿಶುದ್ಧ:
ಬೇಡವೇ ಬೇಡ. ತೋಡಿ ರಾಗದ ಗಾಂಧಾರ, ಆ ಓಲಾಡುವ ‘ಗ’ ಸ್ವರ, ಕೀಬೋರ್ಡಿನಲ್ಲಿ ಯಾವ ಮನೆಯಲ್ಲಿದೆ, ಯಾವ ಕೀಲಿ ಒತ್ತಬೇಕು, ಯಾರಾದರೂ ತೋರಿಸಲಿ. ನನ್ನ ಮಗ ಜೂನಿಯರ್, ಸೀನಿಯರ್, ವಿದ್ವತ್ ಮೂರೂ ಸಂಗೀತ ಪರೀಕ್ಷೆ ಮುಗಿಸಿದ. ಅದಕ್ಕೆ ನಾವು ಕಟ್ಟಿದ ಬೆಲೆ ಕೇಳಿ. ಮನೆಯಲ್ಲಿ ಸಿನಿಮಾ ಹಾಡು ಬಂದ್. ಮದುವೆಗೆ ಹೋದರೆ ಆರ್ಕೆಸ್ಟ್ರಾ ಶುರುವಾಗುವ ಮೊದಲೇ ಊಟ ಮುಗಿಸಿ ಹೊರಡುವುದು. ಶನಿವಾರ ಬೆಳಗಿನ ಜಾವ ಎದ್ದು ಬೆಂಗಳೂರಿಗೆ ಪಾಠಕ್ಕೆ. ರೈಲು ಬರುವ ಮುಂಚೆ ಬಸ್ಸೇ ಗತಿ. ಶಿರಾಡಿಯಿಂದ ಬರುವ ಬಸ್ಸು ಲೇಟಾದರೆ ಅವತ್ತಿನ ಪಾಠ ಹೋಯ್ತು, ಫೀಸು ಮಾತ್ರ ವಾಪಸ್ ಇಲ್ಲ. ನಮ್ಮೆಜಮಾನರು ಸ್ಕೂಟರ್ ಬದಲಾಯಿಸಲಿಲ್ಲ, ಮನೆಗೆ ಬಣ್ಣ ಹೊಡೆಸಲಿಲ್ಲ. ಈಗ ಮಗ ಸಾಫ್ಟ್‌ವೇರಿನಲ್ಲಿದ್ದಾನೆ, ಹಾಡೋಕೆ ಪುರುಸೊತ್ತಿಲ್ಲ. ಆದರೆ ಎರಡು ಸ್ವರ ಕೇಳಿದರೆ ರಾಗ ಹೇಳ್ತಾನೆ.

ಚಪ್ಪಾಳೆ ವಿಷಯದಲ್ಲಿ ಅವರು ಹೇಳಿದ್ದು ಸರಿ. ಮಕ್ಕಳಿಗೆ ಕೂರುವುದನ್ನೂ ಕಲಿಸಬೇಕು.

ಚಿಕ್ಕಮಗಳೂರು ಕಪ್ಪುಬಿಳಿ:
ಈ ‘ಕೂರುವುದು’ ಕಲಿಸುವವರಿಂದಲೇ ನಾನು ಗಾಯನ ಬಿಟ್ಟಿದ್ದು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಸಭೆಯಲ್ಲಿ ರಾಗದ ಹೆಸರು ತಪ್ಪು ಹೇಳಿದೆ, ಖರಹರಪ್ರಿಯಕ್ಕೆ ಆಭೇರಿ ಅಂದೆ. ನಕ್ಕವರು ಇವತ್ತಿಗೂ ಎಂ.ಜಿ. ರೋಡಿನಲ್ಲಿ ಸಿಕ್ಕಾಗ ‘ಏನಪ್ಪಾ ಆಭೇರಿ’ ಅಂತಾರೆ. ಅವರ ಕೈಲಿ ಒಂದು ಸರಳೆ ವರಸೆ, ಮಕ್ಕಳ ಮೊದಲ ಪಾಠ, ಹಾಡಿಸಿ ನೋಡೋಣ.

ಕೀಬೋರ್ಡ್ ಪರದೇಶದ್ದು ಅಂತ ಮೂಗು ಮುರೀತೀರಲ್ಲ, ಪಿಟೀಲು ಎಲ್ಲಿಯದು ಸ್ವಾಮಿ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದರು. ಅಣ್ಣನೋ, ಇಂಗ್ಲಿಷರ ಬ್ಯಾಂಡಿನ ಮಟ್ಟುಗಳಿಗೇ ಸಂಸ್ಕೃತ ಸಾಹಿತ್ಯ ಬರೆದು ನೊಟ್ಟುಸ್ವರ ಮಾಡಿದರು. ‘ಗಾಡ್ ಸೇವ್ ದ ಕಿಂಗ್’ ಮಟ್ಟಿಗೂ ಒಂದಿದೆ! ದೀಕ್ಷಿತರಿಗೆ ಇಲ್ಲದ ಮಡಿ ನಿಮಗ್ಯಾಕೆ? ನಮ್ಮ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು, ಮೆಡ್ಟ್ನರ್ ಅನ್ನುವ ರಷ್ಯನ್ ಸಂಗೀತಗಾರನ ರೆಕಾರ್ಡಿಂಗಿಗೆ ದುಡ್ಡು ಕೊಟ್ಟವರು. ಆಮೇಲೆ 94 ಕೃತಿ ರಚಿಸಿದರು. ಅವರಿಗೆ ಗಮಕ ಕೆಟ್ಟಿತಾ?

ನನ್ನ ಕೀಬೋರ್ಡ್ ಸೆಕೆಂಡ್ ಹ್ಯಾಂಡ್, 11,500. ಅಡಾಪ್ಟರ್ ಸಿಡಿಲಿಗೆ ಸುಟ್ಟಿದ್ದು 900. ಸ್ಟ್ಯಾಂಡ್ ನಾನೇ ವೆಲ್ಡಿಂಗ್ ಮಾಡಿಸಿದೆ. ಈಗ ದಸರಾದಲ್ಲಿ ಸುಗಮ ಸಂಗೀತದವರ ಜೊತೆ ನುಡಿಸ್ತೀನಿ, ಕಾಸೂ ಬರುತ್ತೆ.

ಶ್ರುತಿಶುದ್ಧ:
ಪಿಟೀಲಿನಲ್ಲಿ ಬೆರಳು ಜಾರುತ್ತೆ ಸಾರ್, ಅದಕ್ಕೇ ಬಂತು. ಕೀಬೋರ್ಡಿನ ಮನೆ ಜಾರಲ್ಲ. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂ ನಿಷೇಧ ಇದ್ದದ್ದು ಸುಮ್ನೆ ಅಲ್ಲ. ಸುಗಮ ಸಂಗೀತದವರ ಹಿಂದೆ ನುಡಿಸೋದು ನಿಮ್ಮಿಷ್ಟ. ಅದನ್ನು ಸಂಗೀತ ಅಂತ ಇಲ್ಲಿ ತರಬೇಡಿ.

ಚಿಕ್ಕಮಗಳೂರು ಕಪ್ಪುಬಿಳಿ:
ಪಿಚ್ ಬೆಂಡ್ ಅಂತ ಒಂದು ಚಕ್ರ ಇರುತ್ತೆ ಮೇಡಂ, ಜಾರುತ್ತೆ. ನೋಡಿ ಮಾತಾಡಿ. ನಿಷೇಧ ಹಾಕಿದ ಆಕಾಶವಾಣಿಯೇ ಅದನ್ನು ತೆಗೆಯಿತು, ಅದನ್ನೂ ಹೇಳಿ.

ಅರಸೀಕೆರೆ ಗಟ್ಟಿಮೇಳ:
ನಾಗಸ್ವರದ ಮನೆಯವನು ನಾನು. ತಾತ, ಅಪ್ಪ, ಈಗ ನಾನು. ನಿಮ್ಮಿಬ್ಬರ ಜಗಳ ಓದಿ ನಗು ಬಂತು. ಯಾವ ವಾದ್ಯ ದೊಡ್ಡದು ಅಂತ ಕಚ್ಚಾಡ್ತೀರಿ. ನಮ್ಮ ವಾದ್ಯ ಸಂಪೂರ್ಣ ಶಾಸ್ತ್ರೀಯ, ದೇವಸ್ಥಾನದಲ್ಲೇ ಬೆಳೆದದ್ದು. ತೋಡಿ ಅಂದರೆ ರಾಜರತ್ನಂ ಪಿಳ್ಳೈ ಅಂತ ದೊಡ್ಡ ದೊಡ್ಡ ಗಾಯಕರೇ ಕೈ ಮುಗಿದರು. ಹಾಗಿದ್ದೂ ಛತ್ರದಲ್ಲಿ ನಮ್ಮನ್ನು ಕರೆಯೋದು ‘ಏಯ್ ಓಲಗದೋರೇ’ ಅಂತ.

ಒಂದು ಮದುವೆಯಲ್ಲಿ ಕಲ್ಯಾಣಿ ನುಡಿಸ್ತಿದ್ದೆ. ನಿಧಾನಕ್ಕೆ ಬೆಳೆಸ್ತಾ ಇದ್ದೆ, ಒಳ್ಳೆ ಲಹರಿಯಲ್ಲಿತ್ತು. ಸಭೆಗಳಲ್ಲಿ ಮುಂದಿನ ಸಾಲಲ್ಲಿ ಕೂತು ತಲೆ ಅಲ್ಲಾಡಿಸುವ ಯಜಮಾನರೊಬ್ಬರು ಎದುರಿಗೇ ನಿಂತು ಜಮೀನಿನ ಕೇಸು ಮಾತಾಡ್ತಿದ್ದರು. ನಡುವೆ ತಿರುಗಿ ‘ಸ್ವಲ್ಪ ಮೆಲ್ಲಗೆ ಊದಪ್ಪ’ ಅಂದರು. ಅದೇ ಕಲ್ಯಾಣಿಗೆ ಸಭೆಯಲ್ಲಿ ಅವರು ಕಣ್ಣಲ್ಲಿ ನೀರು ಹಾಕ್ತಾರೆ, ನಾನೇ ನೋಡಿದೀನಿ. ಊಟಕ್ಕೆ ನಮ್ಮನ್ನು ಕೂರಿಸೋದು ಕೊನೆ ಪಂಕ್ತಿಗೆ, ಹೋಳಿಗೆ ಮುಗಿದ ಮೇಲೆ.

ಖರ್ಚು ಕೇಳಿದರೆ, ಬಾಯಿಗೆ ಇಡುವ ಪೀಪಿ ಒಂದೇ ಸೀಸನ್ನಿಗೆ ಕೆಡುತ್ತೆ, ಒಳ್ಳೇದು ತಮಿಳುನಾಡಿಂದಲೇ ಬರಬೇಕು. ಡೋಲಿನವನಿಗೆ ಪಾಲು, ಶ್ರುತಿ ಹಿಡಿಯುವ ಹುಡುಗನಿಗೆ ಪಾಲು, ಆಟೋ. ಉಳಿದದ್ದರಲ್ಲಿ ಮನೆ. ಈಗ ಎಷ್ಟೋ ಮದುವೆಗಳಲ್ಲಿ ಮೊಬೈಲಿಂದ ಗಟ್ಟಿಮೇಳ ಹಾಕ್ತಾರೆ. ಕದ್ರಿ ಗೋಪಾಲನಾಥರ ತಂದೆಯೂ ನಾಗಸ್ವರದವರೇ. ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದನ್ನು ಹಿಡಿದರು, ಆಮೇಲೆ ಇಡೀ ಲೋಕ ಕೂರಿಸಿ ಕೇಳಿತು. ನನ್ನ ಮಗನಿಗೆ ನಾನೂ ಸ್ಯಾಕ್ಸೋಫೋನೇ ಕೊಡಿಸಿದೀನಿ. ಕುರ್ಚಿ ಹಾಕಿ ಕೂರಿಸ್ತಾರೆ, ಅಷ್ಟೇ ಕಾರಣ.

ಶ್ರುತಿಶುದ್ಧ:
ಎಲ್ಲದಕ್ಕೂ ಜಾತಿ ತರಬೇಡಿ.

ಅರಸೀಕೆರೆ ಗಟ್ಟಿಮೇಳ:
ನಾನು ಊಟದ ಪಂಕ್ತಿ ಬಗ್ಗೆ ಹೇಳಿದೆ. ಜಾತಿ ಅಂದಿದ್ದು ನೀವು.

ಸಕಲೇಶಪುರ ಎಡಗೈ:
ಮೃದಂಗದವನು. ಮುಂದಿನ ಸಾಲಿನ ಪಂಡಿತರ ಬಗ್ಗೆ ನನ್ನದೂ ಎರಡು ಮಾತು. ಮಗು ಚಪ್ಪಾಳೆ ತಟ್ಟಿದರೆ ಅಪಚಾರ. ತನಿ ಆವರ್ತನ, ಅಂದರೆ ತಾಳವಾದ್ಯ ಮಾತ್ರ ನುಡಿಯುವ ಭಾಗ, ಶುರುವಾದ ತಕ್ಷಣ ಇಡೀ ಸಾಲು ಎದ್ದು ಕಾಫಿಗೆ ಹೋಗುತ್ತಲ್ಲ, ಅದೇನು? ನಾನು ಏಳೆಣಿಕೆಯ ಮಿಶ್ರ ನಡೆ ಹಿಡಿದು ಒದ್ದಾಡ್ತಿದ್ದರೆ ಎದುರಿಗೆ ಬರೀ ಶಲ್ಯ ಹೊದಿಸಿದ ಖಾಲಿ ಕುರ್ಚಿಗಳು. ಮಳೆಗಾಲದಲ್ಲಿ ನಮ್ಮೂರಲ್ಲಿ ಮೃದಂಗದ ಚರ್ಮದ ಮುಚ್ಚಿಗೆ ಹದಕ್ಕೆ ಬರೋದೇ ಇಲ್ಲ. ಬಲಗಡೆಯ ಕಪ್ಪು ಕರಣೆ ಬಿರುಕು ಬಿಟ್ಟರೆ ಹೊಸದು, ಈ ವರ್ಷ ಆಗಲೇ 4,200 ಆಯ್ತು. ಮನೆಯಲ್ಲಿ ಬಲ್ಬಿನ ಕೆಳಗೆ ಇಟ್ಟು ಕಾಯಿಸ್ತೀನಿ, ಹೆಂಡತಿ ಬೈತಾಳೆ. ಇಷ್ಟೆಲ್ಲ ಮಾಡಿ ನುಡಿಸೋದು ಕಾಫಿ ಇಂಟರ್‌ವಲ್ಲಿಗೆ.

ಶ್ರುತಿಶುದ್ಧ:
ವಯಸ್ಸಾದವರು ಎದ್ದು ಹೋಗ್ತಾರೆ, ಶುಗರ್ ಇರುತ್ತೆ. ರುದ್ರಪಟ್ಟಣಕ್ಕೆ ಬಂದು ನೋಡಿ, ಅಲ್ಲಿ ಯಾರೂ ಏಳಲ್ಲ. ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು, ನಮ್ಮ ಹಾಸನ ಜಿಲ್ಲೆಯದ್ದೇ. ತಂಬೂರಿ ಆಕಾರದಲ್ಲಿ ದೇವಸ್ಥಾನ ಕಟ್ಟಿರೋ ಊರು ಬೇರೆ ಎಲ್ಲಿದೆ?

ಚಿಕ್ಕಮಗಳೂರು ಕಪ್ಪುಬಿಳಿ:
ಶ್ರೀಕಂಠನ್ ಹೆಸರು ಮಾಡಿದ್ದು ಬೆಂಗಳೂರಲ್ಲಿ. ನಿಮ್ಮ ಜಿಲ್ಲೆಯಲ್ಲೇ ಇದ್ದಿದ್ದರೆ ನಿಮ್ಮ ಮುಂದಿನ ಸಾಲಿನವರು ಅವರಿಗೂ ಏನಾದರೂ ಹೇಳಿರೋರು.

ಮೂಡಿಗೆರೆ ತೋಟ:
ಹಾಸನದವರು ಯಾವಾಗಲೂ ಹೀಗೆ. ಕಾವೇರಿ ಇವರದ್ದು, ಶಾಂತಲೆ ಇವರದ್ದು, ಸಂಗೀತವೂ ಇವರದ್ದೇ.

ಹಾಸನದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ಕೀಬೋರ್ಡ್ ವಿಷಯ. ಎರಡನ್ನೂ ಒಟ್ಟಿಗೆ ಕಲಿತ ಮಕ್ಕಳು ಯಾರಾದರೂ ಇದ್ದಾರಾ?

ಶ್ರುತಿಶುದ್ಧ:
ಇಲ್ಲ.

ಚಿಕ್ಕಮಗಳೂರು ಕಪ್ಪುಬಿಳಿ:
ಬೇಕಾದಷ್ಟು ಇದ್ದಾರೆ.

ಸಕಲೇಶಪುರ ಎಡಗೈ:
ಮೃದಂಗ ಕಲಿಸಿ. ತಾಳ ಗಟ್ಟಿಯಾಗುತ್ತೆ.

ಬೇಲೂರಿನವಳು:
ಮೂಡಿಗೆರೆ ಅಣ್ಣ, ಅಟ್ಟದ ಮೇಲಿರುವ ಆ ವೀಣೆ ಕೊಡೋ ಯೋಚನೆ ಇದೆಯಾ? ನನ್ನ ತಂಗಿಗೆ ಬೇಕಿತ್ತು.

ಮೂಡಿಗೆರೆ ತೋಟ:
ಇದೆ. 25,000. ಪೆಟ್ಟಿಗೆ ಸೇರಿ. ಮೇಳ ಕಟ್ಟಿಸೋ ಖರ್ಚು ನಿಮ್ಮದು. ನುಡಿಸುವವರಿಗೆ ಮಾತ್ರ ಕೊಡೋದು, ಶೋಕೇಸಿಗೆ ಅಂದರೆ ಬೇಡ.

ಶ್ರುತಿಶುದ್ಧ:
ಮೆಟ್ಟಿಲು ಅಲುಗಾಡಿದ ವೀಣೆಗೆ 25,000 ಜಾಸ್ತಿ. 15 ಕೇಳಿ.

ಮೂಡಿಗೆರೆ ತೋಟ:
ನಿಮ್ಮನ್ನು ಕೇಳಿದವರು ಯಾರು ಮೇಡಂ?