ಬ್ಲ್ಯಾಕ್‌ಮೋರ್ ಇಲ್ಲದ ಡೀಪ್ ಪರ್ಪಲ್: ‘ಕಮ್ ಟೇಸ್ಟ್ ದ ಬ್ಯಾಂಡ್’ ಎಲ್‌ಪಿ ತಗೋಬಹುದಾ? ಅನುಭವ ಇದ್ದವರು ಹೇಳಿ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೀತಿದ್ದೀನಿ. ಅಣ್ಣ ಒಂದು ಟರ್ನ್‌ಟೇಬಲ್ ತಂದುಕೊಟ್ಟಿದ್ದಾನೆ. ಸದ್ಯಕ್ಕೆ ಇರೋದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ‘ಮಷೀನ್ ಹೆಡ್’ ಒಂದೇ. ಎರಡನೇ ರೆಕಾರ್ಡ್‌ಗೆ ಅಂತ 4,000 ರೂಪಾಯಿ ಎತ್ತಿಟ್ಟಿದ್ದೀನಿ. ಅವರದೇ 1975ರ ‘ಕಮ್ ಟೇಸ್ಟ್ ದ ಬ್ಯಾಂಡ್’ ಮೇಲೆ ಕಣ್ಣಿದೆ. ಗಿಟಾರಿಸ್ಟ್ ಬ್ಲ್ಯಾಕ್‌ಮೋರ್ ಬಿಟ್ಟುಹೋದ ಮೇಲೆ ಟಾಮಿ ಬೋಲಿನ್ ಬಂದು ಮಾಡಿದ ಒಂದೇ ಸ್ಟುಡಿಯೋ ಆಲ್ಬಂ ಅದು. ಹೊಸ ಮುದ್ರಣ ತಗೊಳ್ಳಲಾ, ಹಳೇದು ಹುಡುಕಲಾ? ಇಲ್ಲ ಬ್ಲ್ಯಾಕ್‌ಮೋರ್ ಇದ್ದಾಗಿನ ‘ಬರ್ನ್’ ತಗೊಳ್ಳೋದೇ ವಾಸಿನಾ? ಇನ್ನೊಂದು ವಿಷಯ. ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರ್ತಾರೆ, ಜಾಸ್ತಿ ಸೌಂಡ್ ಇಡೋ ಹಾಗಿಲ್ಲ.

ಬಸವನಗುಡಿ ರೆಕಾರ್ಡ್

ತಗೊಳ್ಳಿ. ಆದರೆ ನನ್ನ ಕತೆ ಕೇಳಿ ತಗೊಳ್ಳಿ.

1986ರಲ್ಲಿ ನಾನು ಡಿಗ್ರಿ ಎರಡನೇ ವರ್ಷ. ಆಗ ಬ್ರಿಗೇಡ್ ರೋಡ್ ಕಡೆ ಕ್ಯಾಸೆಟ್‌ಗೆ ಹಾಡು ತುಂಬಿಕೊಡೋ ಅಂಗಡಿಗಳಿದ್ದವು. 90 ನಿಮಿಷದ ಕ್ಯಾಸೆಟ್‌ನಲ್ಲಿ ಒಂದು ಕಡೆ ‘ಬರ್ನ್’, ಇನ್ನೊಂದು ಕಡೆ ಇದು. ಹನ್ನೆರಡು ವರ್ಷ ಅದೇ ಕ್ಯಾಸೆಟ್ ಕೇಳಿದೆ. ಟೇಪ್ ಎರಡು ಸಲ ಕಿತ್ತುಹೋಗಿ, ಎರಡು ಸಲವೂ ಅಂಟಿಸಿದ್ದೆ.

2019ರಲ್ಲಿ ಎಲ್‌ಪಿ ಬೇಕೇಬೇಕು ಅನ್ನಿಸಿತು. ಇಂಗ್ಲೆಂಡಿನ ಒಬ್ಬರಿಂದ ತರಿಸಿದೆ. ರೆಕಾರ್ಡ್‌ಗೆ 22 ಪೌಂಡ್, ಅಂಚೆಗೆ 19 ಪೌಂಡ್. ಮನೆ ಬಾಗಿಲಲ್ಲಿ ಸುಂಕ 1,380 ರೂಪಾಯಿ. ಎಲ್ಲ ಸೇರಿ 5,070. ಬಿಚ್ಚಿ ನೋಡಿದರೆ ಅಂಚಿನಲ್ಲಿ ಉಗುರಿನಷ್ಟು ಚೂರು ಹಾರಿಹೋಗಿತ್ತು. ಅಂಚಿನ ಚೂರು ಅಂದರೆ ಎರಡು ಕಡೆಯ ನಷ್ಟ. ಈ ಕಡೆ ‘ಕಮಿನ್ ಹೋಮ್’ ಶುರುವೇ ಇಲ್ಲ, ತಿರುಗಿಸಿ ಹಾಕಿದರೆ ‘ಡ್ರಿಫ್ಟರ್’ ಶುರುವೂ ಇಲ್ಲ. ವಾಪಸ್ ಕಳಿಸಿ ಅಂದರು. ಕಳಿಸೋ ಅಂಚೆ ಖರ್ಚು ನನ್ನದೇ. ಕಳಿಸಲಿಲ್ಲ.

ಎರಡನೇದು ಚೆನ್ನೈನವರೊಬ್ಬರಿಂದ 2,900ಕ್ಕೆ. ಮೇ ತಿಂಗಳು, ಬಸ್ ಪಾರ್ಸೆಲ್. ಬಿಸಿಲಿಗೆ ಹಪ್ಪಳದ ಹಾಗೆ ಎದ್ದು ಬಂತು. ಎರಡು ದಪ್ಪ ಗಾಜು ಕತ್ತರಿಸಿ ತಂದೆ, 640 ರೂಪಾಯಿ. ಮಧ್ಯೆ ಇಟ್ಟು, ಮೇಲೆ ಪುಸ್ತಕ ಹೇರಿ ಮೂರು ವಾರ ಕಾದೆ. ಒಂದು ಕೂದಲಷ್ಟೂ ತಗ್ಗಲಿಲ್ಲ. ಕೊನೆಗೆ ಹೊಸ ಮುದ್ರಣ 2,750ಕ್ಕೆ ಸಿಕ್ಕಿತು. ಒಟ್ಟು 11,360.

ಅದನ್ನು ಹಾಕಿದ ರಾತ್ರಿ ಕೊನೆಯ ಹಾಡು ‘ಯೂ ಕೀಪ್ ಆನ್ ಮೂವಿಂಗ್’ ಬಂತು. ಮೊದಲು ಬರೀ ಬೇಸ್ ಗಿಟಾರ್, ಮೆಲ್ಲಗೆ. ಆಮೇಲೆ ಹಾಡುಗಾರ ಕವರ್‌ಡೇಲ್, ಬೇಸ್ ನುಡಿಸ್ತಾ ಹಾಡೋ ಹ್ಯೂಸ್, ಇಬ್ಬರ ದನಿ ಒಟ್ಟಿಗೆ. ಕ್ಯಾಸೆಟ್‌ನ ಗೊರಗೊರದಲ್ಲಿ ಇಷ್ಟು ವರ್ಷ ಆ ಬೇಸ್ ನನಗೆ ಅರ್ಧ ಮಾತ್ರ ಕೇಳಿಸಿತ್ತು ಅಂತ ಅವತ್ತೇ ಗೊತ್ತಾಗಿದ್ದು. ಖರ್ಚಿನ ಬಗ್ಗೆ ನನಗೆ ಬೇಜಾರಿಲ್ಲ.

ಹುಬ್ಬಳ್ಳಿ ಬ್ಲ್ಯಾಕ್‌ಮೋರ್

ಬೇಡ. ‘ಬರ್ನ್’ ತಗೊಳ್ಳಿ. ನಾನು ದುಡ್ಡು ಕಳ್ಕೊಂಡು ಹೇಳ್ತಿದ್ದೀನಿ.

1973ರಲ್ಲಿ ಗಿಲನ್ ಹೋದರು, ಗ್ಲೋವರ್ ಹೋದರು. ಹಾಡೋನು ಬೇರೆ, ಬೇಸ್ ಬೇರೆ. ಕವರ್‌ಡೇಲ್ ಅಂದರೆ ಯಾರಿಗೂ ಗೊತ್ತಿರಲಿಲ್ಲ, ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗ. ಆದರೂ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮೊಂಟ್ರೋದಲ್ಲಿ ಕೂತು ‘ಬರ್ನ್’ ಮಾಡಿದರು. 1974ರಲ್ಲಿ ಇಂಗ್ಲೆಂಡಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ 3ನೇ ಸ್ಥಾನ. ಯಾಕೆ? ಗಿಟಾರ್ ಅದೇ ಇತ್ತು. 1975ರಲ್ಲಿ ಗಿಟಾರ್ ಹೋಯಿತು, ಪಟ್ಟಿಯಲ್ಲಿ 19ಕ್ಕೆ ಇಳಿದರು. ಇನ್ನೇನು ಸಾಕ್ಷಿ ಬೇಕು?

ನಾನು 3,400 ಕೊಟ್ಟು ತಗೊಂಡೆ. ಜೊತೆಗೆ ಅದೇ ತಂಡದ ‘ಲಾಸ್ಟ್ ಕನ್ಸರ್ಟ್ ಇನ್ ಜಪಾನ್’ ಕೂಡ, 2,600. ಆ ಕಚೇರಿಯಲ್ಲಿ ಬೋಲಿನ್‌ಗೆ ಎಡಗೈ ಸರಿಯಾಗಿ ಆಡ್ತಿರಲಿಲ್ಲ. ಅದು ಗೊತ್ತಿಲ್ಲದೆ ತಗೊಂಡೆ. ಗಿಟಾರ್ ಬರಬೇಕಾದ ಕಡೆ ಜಾನ್ ಲಾರ್ಡ್ ಒಬ್ಬರೇ ಆರ್ಗನ್‌ನಲ್ಲಿ ತುಂಬ್ತಾ ಹೋಗ್ತಾರೆ. ಕೇಳೋಕೆ ಆಗಲಿಲ್ಲ. ಎರಡೂ ಸೇರಿಸಿ 1,900ಕ್ಕೆ ಮಾರಿದೆ. ಕೊರಿಯರ್ 210 ನನ್ನ ತಲೆ ಮೇಲೆ. ತಗೊಂಡವನು ಒಂದು ತಿಂಗಳಲ್ಲಿ ಬರೀ ಜಪಾನ್ ರೆಕಾರ್ಡನ್ನೇ 3,000ಕ್ಕೆ ಮಾರಿದನಂತೆ. ಅದು ಇವತ್ತಿಗೂ ಉರಿಯುತ್ತೆ.

ಬೇಸ್ ಬಸು

ಹುಬ್ಬಳ್ಳಿ ಅಣ್ಣ, ಕೈ ಆಡದ ಒಂದು ರಾತ್ರಿ ಇಟ್ಟುಕೊಂಡು ಒಬ್ಬ ಮನುಷ್ಯನನ್ನು ಅಳೀತೀರಾ? ಅದಕ್ಕೂ ಸ್ವಲ್ಪ ಮುಂಚೆ ಜಕಾರ್ತಾದಲ್ಲಿ ಅವರ ಜೊತೆಗಿದ್ದ ಸಿಬ್ಬಂದಿಯೊಬ್ಬರು ಲಿಫ್ಟ್ ಗುಂಡಿಗೆ ಬಿದ್ದು ತೀರಿಕೊಂಡಿದ್ದರು. ಆ ಸ್ಥಿತಿಯಲ್ಲಿ ಟೋಕಿಯೋಗೆ ಹೋಗಿ ನುಡಿಸಿದ್ದು. ಬೋಲಿನ್‌ಗೆ ಆಗ 24 ವರ್ಷ. ಮುಂದಿನ ಡಿಸೆಂಬರ್‌ಗೆ ಹುಡುಗನೇ ಇಲ್ಲ. ಡ್ರಮ್ಮರ್ ಬಿಲ್ಲಿ ಕಾಬಮ್ ಅವರ ‘ಸ್ಪೆಕ್ಟ್ರಮ್’ ಆಲ್ಬಂನಲ್ಲಿ ಬೋಲಿನ್ ಗಿಟಾರ್ ಕೇಳಿದ್ದೀರಾ? ಅದನ್ನು ಕೇಳಿಯೇ ಕವರ್‌ಡೇಲ್ ಇವನನ್ನು ಕರೆಸೋಣ ಅಂದಿದ್ದು.

ನನಗೆ ಇದು ಸುಮ್ನೆ ವಾದ ಅಲ್ಲ. 2004ರಲ್ಲಿ ನಮ್ಮದೂ ಒಂದು ಕಾಲೇಜ್ ಬ್ಯಾಂಡ್ ಇತ್ತು. ಗಿಟಾರ್ ನುಡಿಸೋನು ಫೆಸ್ಟ್‌ಗೆ ಹನ್ನೊಂದು ದಿನ ಇರೋವಾಗ ಕೆಲಸ ಸಿಕ್ಕಿತು ಅಂತ ಹೋದ. ಅವನ ಜಾಗಕ್ಕೆ ಜೂನಿಯರ್ ಹುಡುಗ ಬಂದ. ದಾವಣಗೆರೆಯವನು, ಮಾತೇ ಆಡ್ತಿರಲಿಲ್ಲ. ಪ್ರಾಕ್ಟೀಸ್ ರೂಮಿಗೆ ಗಂಟೆಗೆ 150 ರೂಪಾಯಿ. ದಿನಾ ಮೂರು ಗಂಟೆ, ಹನ್ನೊಂದು ದಿನ, 4,950. ಈ ಆಲ್ಬಂನ ‘ಗೆಟಿನ್ ಟೈಟರ್’ ಒಂದನ್ನೇ ಅರ್ಧ ಹೊತ್ತು ತಿದ್ದಿದೆವು. ಸ್ಟೇಜ್ ಹತ್ತಿದರೆ ಮುಂದೆ ನಿಂತವರು ಹಳೇ ಗಿಟಾರಿಸ್ಟ್ ಹೆಸರು ಕೂಗೋಕೆ ಶುರು ಮಾಡಿದರು. ಆ ಹುಡುಗ ಅವತ್ತು ಇಳಿದವನು ಮತ್ತೆ ಗಿಟಾರ್ ಮುಟ್ಟಿದ್ದು ನಾನು ನೋಡಿಲ್ಲ. ಬ್ಲ್ಯಾಕ್‌ಮೋರ್ ಜಾಗದಲ್ಲಿ ನಿಲ್ಲೋದು ಅಂದರೆ ಏನು ಅಂತ ನನಗೆ ಆ ಮುಖ ನೋಡಿ ಗೊತ್ತು.

ಆಲ್ಬಂ ಪೂರ್ತಿ ಹ್ಯೂಸ್ ಅವರ ಬೇಸ್ ಕೇಳಿ. ಅದಕ್ಕಾದರೂ ತಗೊಳ್ಳಿ.

ಮ್ಯೂನಿಕ್ ಸೊಸೆ

ಬಸು ಅವರೇ, ಪೂರ್ತಿ ಅಲ್ಲ. ‘ಕಮಿನ್ ಹೋಮ್’ನಲ್ಲಿ ಬೇಸ್ ಕೂಡ ಬೋಲಿನ್‌ದೇ.

ನಾನಿರೋದು ಮ್ಯೂನಿಕ್‌ನಲ್ಲಿ. ಈ ಆಲ್ಬಂ ಮಾಡಿದ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೋ ಇಲ್ಲೇ ಅರಬೆಲ್ಲಾ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಈಗ ಸ್ಟುಡಿಯೋ ಇಲ್ಲ, ಕಟ್ಟಡ ಇದೆ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ 18 ಯೂರೋಗೆ ಹಳೇ ಜರ್ಮನ್ ಮುದ್ರಣ ಸಿಕ್ಕಿತು. ತುಮಕೂರಿನಲ್ಲಿರೋ ಮಾವನವರಿಗೆ ಅಂತ ತಗೊಂಡೆ. ಅವರು 1970ರ ದಶಕದಿಂದ ಪರ್ಪಲ್ ಕೇಳೋರು. ವಿಮಾನದಲ್ಲಿ ಮೇಲಿನ ಗೂಡಲ್ಲಿ ಇಡೋಕೆ ಮನಸ್ಸಾಗದೆ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಮಾವ ಮೊದಲು ಕವರ್ ನೋಡಿದರು. ವೈನ್ ಗ್ಲಾಸ್ ಒಳಗೆ ಐದು ಮುಖ. ಬೆರಳಿಟ್ಟು ಒಂದೊಂದೇ ಮುಖ ಗುರುತು ಹಿಡಿದರು. ಬೋಲಿನ್ ಹತ್ತಿರ ಬಂದಾಗ, ‘ಪಾಪ, ಈ ಹುಡುಗ’ ಅಂದು ಸುಮ್ಮನಾದರು.

ಬೇಸ್ ಬಸು

ಒಂದು ಹಾಡು ಬಿಟ್ಟರೆ ಮಿಕ್ಕಿದ್ದೆಲ್ಲ ಹ್ಯೂಸ್ ಅವರದೇ ಅಲ್ವಾ ಮೇಡಂ? ಇಪ್ಪತ್ತು ವರ್ಷದಿಂದ ಬೇಸ್ ಹಿಡಿದಿದ್ದೀನಿ.

ಮ್ಯೂನಿಕ್ ಸೊಸೆ

‘ಪೂರ್ತಿ’ ಅಂತ ಬರೆದದ್ದು ನೀವು. ನಾನು ತಿದ್ದಿದೆ ಅಷ್ಟೇ. ಬೇಸ್ ಹಿಡಿದವರಿಗೆ ಮೊದಲ ಹಾಡಲ್ಲೇ ಗೊತ್ತಾಗಬೇಕಿತ್ತು.

ಹುಬ್ಬಳ್ಳಿ ಬ್ಲ್ಯಾಕ್‌ಮೋರ್

ಹುಡುಗ ಸತ್ತ ಅಂತ ಕನಿಕರಕ್ಕೆ ರೆಕಾರ್ಡ್ ತಗೋಬೇಕಾ? ಬೋಲಿನ್ ಒಳ್ಳೇ ಕಲಾವಿದನೇ, ಇಲ್ಲ ಅನ್ನಲ್ಲ. ಆದರೆ ಅದು ಪರ್ಪಲ್ ಅಲ್ಲ. ಬೇರೆ ಹೆಸರಿಟ್ಟಿದ್ದರೆ ನಾನೂ ಖುಷಿಯಿಂದ ಕೇಳ್ತಿದ್ದೆ. 1976ರ ಮಾರ್ಚ್‌ನಲ್ಲಿ ಲಿವರ್‌ಪೂಲ್‌ನಲ್ಲಿ ಕೊನೆಯ ಕಚೇರಿ ಆಯಿತು, ಬ್ಯಾಂಡೇ ಮುಗಿಯಿತು.

ಬಸವನಗುಡಿ ರೆಕಾರ್ಡ್

ನಾನು ಮೇಲೆ ಹೇಳಿದ ‘ಯೂ ಕೀಪ್ ಆನ್ ಮೂವಿಂಗ್’ ಇದೆಯಲ್ಲ, ಅದನ್ನು ಕವರ್‌ಡೇಲ್, ಹ್ಯೂಸ್ 1973ರಲ್ಲೇ ಬರೆದಿದ್ದರು. ‘ಬರ್ನ್’ಗೆ ಬೇಡ ಅಂದವರು ನಿಮ್ಮ ಬ್ಲ್ಯಾಕ್‌ಮೋರ್! ಅವರು ಹೋದ ಮೇಲೆ ಆ ಹಾಡಿಗೆ ಜಾಗ ಸಿಕ್ಕಿದ್ದು. ಈಗ ಹೇಳಿ, ಯಾವುದು ಪರ್ಪಲ್, ಯಾವುದು ಅಲ್ಲ?

ಹುಬ್ಬಳ್ಳಿ ಬ್ಲ್ಯಾಕ್‌ಮೋರ್

ಒಂದು ಹಾಡಿಗೆ 11,360 ಕೊಟ್ಟವರು ಇನ್ನೇನು ಹೇಳ್ತೀರಿ. ಮೂರು ಕಾಪಿ ತಗೊಂಡ ಮೇಲೆ ಚೆನ್ನಾಗಿಲ್ಲ ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ.

ಬಸವನಗುಡಿ ರೆಕಾರ್ಡ್

ನನ್ನ ಕಿವಿಯ ಬಗ್ಗೆ ಮಾತಾಡಿ, ಜೇಬಿನ ಬಗ್ಗೆ ಬೇಡ.

ಚಿಕ್ಕಪೇಟೆ ಸಂತೆ

ಜಗಳ ಆಮೇಲೆ ಮಾಡಿ. ಹಳೇ ರೆಕಾರ್ಡ್ ತಗೊಳ್ಳೋರು ಮೊದಲು ತೊಳೆಯೋದು ಕಲೀಬೇಕು. ನಾನು ಭಾನುವಾರದ ಬಜಾರಿನಲ್ಲಿ ಪರ್ಪಲ್‌ನದೇ ‘ಸ್ಟಾರ್ಮ್‌ಬ್ರಿಂಗರ್’ 350ಕ್ಕೆ ತಂದು, ಪಾತ್ರೆ ಸೋಪಿನ ನೀರಲ್ಲಿ ಸ್ಪಂಜ್ ಹಾಕಿ ತೊಳೆದೆ. ಹೊಸದರ ಹಾಗೆ ಮಿಂಚಿತು.

ಬಸವನಗುಡಿ ರೆಕಾರ್ಡ್

ಪಾತ್ರೆ ಸೋಪಾ? ದಯವಿಟ್ಟು ಹೊಸಬರಿಗೆ ಇದನ್ನೆಲ್ಲ ಹೇಳಬೇಡಿ. ಸೋಪಿನ ಅಂಟು ಗೆರೆಯೊಳಗೆ ಕೂತರೆ ಮುಳ್ಳಿಗೇ ಏಟು. ಡಿಸ್ಟಿಲ್ಡ್ ವಾಟರ್, ಮೆತ್ತನೆ ಬಟ್ಟೆ, ಗೆರೆ ಹೋದ ದಿಕ್ಕಿಗೇ ಒರೆಸಬೇಕು. ಮಧ್ಯದ ಕಾಗದಕ್ಕೆ ನೀರು ತಾಗಬಾರದು.

ಚಿಕ್ಕಪೇಟೆ ಸಂತೆ

ಇಪ್ಪತ್ತೆರಡು ರೆಕಾರ್ಡ್ ಹಾಗೇ ತೊಳೆದಿದ್ದೀನಿ. ಒಂದೂ ಹಾಳಾಗಿಲ್ಲ. ಕೊನೆಗೆ ಬರೀ ನೀರಲ್ಲಿ ಎರಡು ಸಲ ಜಾಲಿಸಬೇಕು ಅಷ್ಟೇ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ 4,000ಕ್ಕೆ ಹೊಸ ಮುದ್ರಣವೇ ಸರಿ ಅನ್ಸುತ್ತೆ. ಸಣ್ಣ ಸೌಂಡಲ್ಲಿ ಕೇಳಿದರೆ ಚೆನ್ನಾಗಿರುತ್ತಾ ಅಂತ ಯಾರೂ ಹೇಳಲಿಲ್ಲ.

ಬಸವನಗುಡಿ ರೆಕಾರ್ಡ್

ಎರಡನೇ ಕಡೆಯ ‘ದಿಸ್ ಟೈಮ್ ಅರೌಂಡ್’ ಹಾಕಿ ನೋಡಿ. ಹ್ಯೂಸ್ ದನಿ, ಲಾರ್ಡ್ ಅವರ ಕೀಬೋರ್ಡ್, ಅಷ್ಟೇ. ಬೋಲಿನ್ ಗಿಟಾರ್ ಬರೋದು ಅದರ ಬೆನ್ನಿಗೇ, ‘ಓವ್ಡ್ ಟು ಜಿ’ಯಲ್ಲಿ. ಅಲ್ಲಿ ಮಾತ್ರ ಸ್ವಲ್ಪ ತಗ್ಗಿಸಿಕೊಳ್ಳಿ.

ಹುಬ್ಬಳ್ಳಿ ಬ್ಲ್ಯಾಕ್‌ಮೋರ್

ಗಿಟಾರ್ ಬಂದಾಗ ತಗ್ಗಿಸಬೇಕಾದ ರೆಕಾರ್ಡ್ ಯಾಕೆ ತಗೋಬೇಕು? ‘ಬರ್ನ್’ ತಗೊಂಡು ಅಜ್ಜಿ ಗುಡಿಗೆ ಹೋದಾಗ ಹಾಕಿ ಮಾರಾಯ್ರೆ.